ಹೂಳಿದ ಮಣಕಕ್ಕೆ ಪಂಚನಾಮೆ

ನಮ್ಮ ಸೋದರತ್ತೆಯ ಊರು ಕಿತ್ತೂರಿನ ಆಚೆ, ದೇಗಾಂವದಿಂದ ಇನ್ನೂ ಸ್ವಲ್ಪ ಒಳಕ್ಕೆ, ಕಾಡಿನ ಸೆರಗಿಗೆ ತಾಗಿಕೊಂಡಿದೆ. ಬೈಲಹೊಂಗಲದಲ್ಲಿರುವ ನನಗೆ ಆಕೆಯಿಂದ ಫೋನು ಬಂತೆಂದರೆ ವಿಷಯ ಬಹುತೇಕ ಗೊತ್ತಿರುತ್ತಿತ್ತು: ಮಾವಿನಕಾಯಿ ಇಳಿಸಿದ್ದೇವೆ ಬಂದು ಒಯ್ಯಿ, ಇಲ್ಲವೇ ನಿನ್ನ ಹೊಟ್ಟೆ ಕರಗಿತೋ ಇಲ್ಲವೋ. ಆ ಮಧ್ಯಾಹ್ನ ಮಾತ್ರ ಆಕೆ ಹೊಟ್ಟೆಯ ಸುದ್ದಿ ತೆಗೆಯಲಿಲ್ಲ.

"ತಮ್ಮಾ, ಮಣಕ ಹೋತು. ನಸಿಕಿನ್ಯಾಗ ಚಿರತಿ ಹೊಡಿತು. ಈಗ ಮಣ್ಣ ಕೊಟ್ಟ ಬಂದೇವಿ. ಸರಕಾರದವರು ಪರಿಹಾರ ಕೊಡ್ತಾರಂತ. ನೀ ಓದಿದಾಂವ ಅದೀ, ನಾಳೆ ಬಾ."

ಮಾವ ತೀರಿದ ಮೇಲೆ ಅತ್ತೆ ಹೊಲವನ್ನು ಪಾಲಿಗೆ ಕೊಟ್ಟು ಹಾಲಿನ ಮೇಲೆ ಸಂಸಾರ ನಡೆಸಿದವಳು. ಇದ್ದ ಒಂದು ಆಕಳು ಮುದಿಯಾಗಿ ಹಾಲು ಬತ್ತಿಸುತ್ತ ಬಂದಿತ್ತು. ಅದರ ಹೊಟ್ಟೆಯಲ್ಲೇ ಹುಟ್ಟಿದ ಈ ಮಣಕ ಮೊದಲ ಸಲ ಗಬ್ಬಾಗಿತ್ತು. ಅದು ಈದರೆ ಮನೆಗೆ ಮತ್ತೆ ಹಾಲು, ಡೇರಿಗೆ ಮತ್ತೆ ಕ್ಯಾನು. ಈಗ ಪರಿಹಾರ ಸಿಕ್ಕರೆ ಇನ್ನೊಂದು ದನ, ಇಲ್ಲದಿದ್ದರೆ ಇಲ್ಲ. ಲೆಕ್ಕ ಅಷ್ಟು ಸರಳ ಎಂದುಕೊಂಡೇ ನಾನು ಮರುದಿನ ಮೊದಲ ಬಸ್ಸು ಹತ್ತಿದೆ.

ನಾನು ಹೋಗುವ ಹೊತ್ತಿಗೆ ಅರಣ್ಯದ ಗಾರ್ಡ್ ಆಗಲೇ ಬಂದು, ದನದ ಛಪ್ಪರದ ಮುಂದೆ ಟೋಪಿ ತೆಗೆದು ತಲೆ ಕೆರೆದುಕೊಳ್ಳುತ್ತ ನಿಂತಿದ್ದ. ಛಪ್ಪರದ ನೆಲ ಸಗಣಿಯಿಂದ ಸಾರಿಸಿತ್ತು. ಬಾಗಿಲಿಗೆ ರಂಗೋಲಿ ಕೂಡ ಬಿದ್ದಿತ್ತು. ಸಾವಾದ ಜಾಗವನ್ನು ಹಾಗೇ ಬಿಡುವ ಪೈಕಿ ಅಲ್ಲ ನಮ್ಮ ಅತ್ತೆ.

"ಚಿರತಿ ಹೆಜ್ಜಿ ಎಲ್ಲಿ ಅದಾವ್ರಿ?" ಎಂದ ಗಾರ್ಡ್.

"ಸಾರಿಸೇನ್ರಿ," ಎಂದಳು ಅತ್ತೆ.

"ರಗತ?"

"ತೊಳದೇನಿ."

"ಮಣಕ?"

"ಹೊಲದಾಗ ಹೂಳೇವಿ. ನಮ್ಮ ಮನಿಯವರ ಗದ್ದಿಗಿ ಬಾಜೂಕ."

ಗಾರ್ಡ್ ನನ್ನ ಮುಖ ನೋಡಿದ. "ಕಳ್ಳರು ಸೈತ ಇಷ್ಟ ಸ್ವಚ್ಛ ಮಾಡಿ ಹೋಗಂಗಿಲ್ರಿ," ಎಂದ.

ಆಮೇಲೆ ಸಮಾಧಾನದಿಂದ ತಿಳಿಸಿ ಹೇಳಿದ. ಕಾಡುಪ್ರಾಣಿ ದನ ಕೊಂದರೆ ಅದನ್ನು ಬಿದ್ದಲ್ಲೇ ಬಿಡಬೇಕು. ತಾವು ಬಂದು ನೋಡಬೇಕು, ದನದ ಡಾಕ್ಟರು ಬಂದು ಕೊಯ್ದು ನೋಡಬೇಕು, ಪಂಚರ ಮುಂದೆ ಪಂಚನಾಮೆ ಆಗಬೇಕು. ಇಲ್ಲದಿದ್ದರೆ ಹಾವು ಕಚ್ಚಿತ್ತೋ, ರೋಗ ಬಂದಿತ್ತೋ, ನಾಯಿ ಹರಿದವೋ ಎಂದು ಮೇಲಿನವರು ಕೇಳುತ್ತಾರೆ. ಆತ ಹೇಳಿದ್ದೆಲ್ಲ ನನಗೆ ಖರೇ ಅನಿಸಿತು. ಅತ್ತೆಯ ಮುಖ ನೋಡಿದಾಗ ಆಕೆ ಮಾಡಿದ್ದೂ ಖರೇ ಅನಿಸಿತು. ನನ್ನ ಗೊಂದಲ ಶುರುವಾದದ್ದು ಅಲ್ಲಿ.

ಪಕ್ಕದ ಮನೆಯ ಟ್ರ್ಯಾಕ್ಟರ್ ಡ್ರೈವರ್, ಮಣಕವನ್ನು ತನ್ನ ಟ್ರೇಲರಿನಲ್ಲಿ ಹೊಲಕ್ಕೆ ಒಯ್ದವನು, ಮೊಬೈಲ್ ಹಿಡಿದು ಮುಂದೆ ಬಂದ. ಅತ್ತೆಯ ಕೈಯ ರೊಟ್ಟಿ ತಿಂದು ಬೆಳೆದ ಸಾಬರ ಹುಡುಗ. ಈಗ ಅವನಿಗೇ ಮದುವೆಗೆ ಬಂದ ಮಗಳಿದ್ದಾಳೆ.

"ಸಾಹೇಬ್ರ, ಫೋಟೋ ಅದಾವ್ರಿ. ನಾನ ತಗದೇನಿ."

ನಾವೆಲ್ಲ ಬಗ್ಗಿ ನೋಡಿದೆವು. ಮಣಕ ಮಲಗಿತ್ತು. ಹಣೆಗೆ ವಿಭೂತಿ, ಅದರ ಮೇಲೆ ಕುಂಕುಮ, ಕೋಡಿಗೆ ಚೆಂಡುಹೂವು, ಕುತ್ತಿಗೆಗೆ ಸುತ್ತಿದ ಹಸಿರು ಖಣ. ಎದುರಿಗೆ ಅಕ್ಕಿ, ಒಣಕೊಬ್ಬರಿ, ಉತ್ತತ್ತಿ.

"ಹಲ್ಲ ನಟ್ಟದ್ದು ಕಾಣವಲ್ದಲ್ಲೋ," ಎಂದ ಗಾರ್ಡ್.

"ಖಣದ ಒಳಗ ಅದಾವ್ರಿ."

"ಇದು ಚಿರತಿ ಹೊಡದ ದನಾನೋ, ಕುಬಸದ ಬಸರಿ ಹೆಣ್ಮಗಳೋ?"

"ಗಬ್ಬ ಇತ್ತಲ್ರಿ," ಎಂದಳು ಅತ್ತೆ. "ಉಡಿ ತುಂಬದ ಹ್ಯಾಂಗ ಕಳಸೂದು?"

ಗಾರ್ಡ್ ಟೋಪಿ ಮತ್ತೆ ತಲೆಗೆ ಇಟ್ಟುಕೊಂಡ. ಮೆಲ್ಲಗೆ, ಹೂಳಿದ್ದನ್ನು ತೆಗೆದು ತೋರಿಸಿದರೆ ಒಂದು ದಾರಿ ಉಂಟು ಎಂದ. ಡಾಕ್ಟರಿಗೆ ತಾನೇ ಫೋನು ಮಾಡಿದ.

ಈಗ ಎಲ್ಲರೂ ನನ್ನನ್ನು ನೋಡತೊಡಗಿದರು, ಓದಿದವನು ನಾನೇ ತಾನೆ. ನಾನು ಸವದತ್ತಿಯ ಅಣ್ಣನಿಗೆ ಫೋನು ಹಚ್ಚಿದೆ. "ತಗಸ್ರಿ, ಹೋದ ಜೀವ ಹೋತು, ಇದ್ದ ಜೀವ ಬದಕಬೇಕು," ಎಂದ. ಅದು ಸರಿ ಎನಿಸಿ ಫೋನು ಇಟ್ಟೆ. ರಾಮದುರ್ಗದ ಸೋದರಮಾವನಿಗೆ ಹಚ್ಚಿದೆ. "ಮಣ್ಣ ಕೊಟ್ಟದ್ದನ್ನ ಕೆದರತೀರೇನೋ? ನಿಮಗ ಬುದ್ಧಿ ಐತೋ ಇಲ್ಲೋ?" ಎಂದರು. ಅದೂ ಸರಿ ಎನಿಸಿತು. ಅತ್ತೆಯ ಹತ್ತಿರ ಹೋಗಿ, ತೆಗೆಯುವುದೇ ಚಲೋ ಎಂದೆ. ಆಕೆ ಹೊಲದ ಕಡೆ ಮುಖ ತಿರುಗಿಸಿದಾಗ, ಬೇಡ ಬಿಡು ಎಂದೂ ನಾನೇ ಅಂದೆ.

"ಒಂದ ಹೇಳೋ ತಮ್ಮಾ," ಎಂದಳು ಅತ್ತೆ. "ಗಡಿಯಾರದ ಲೋಲಕ ಆದಿ ನೀ."

ಡಾಕ್ಟರು ಮೋಟರ್‌ಸೈಕಲ್ ಮೇಲೆ ಬಂದರು. ಅತ್ತೆ ಅವರಿಗೆ ಚಹಾ ಕೊಟ್ಟು, ಅವರು ಕುಡಿದು ಮುಗಿಸಿದ ಮೇಲೆ ಕೇಳಿದಳು:

"ಪೂರಾ ತಗೀಬೇಕೇನ್ರಿ, ಕುತಗಿ ಅಷ್ಟ ನೋಡಿದ್ರ ಸಾಕ?"

"ಮೊದ್ಲ ಕುತಗಿ ನೋಡತೇನ್ರಿ ಅವ್ವಾರ. ಅದರಾಗ ತಿಳೀತಂದ್ರ ಮುಂದ ಹೋಗಂಗಿಲ್ಲ."

"ಹಂಗಾರ ನಡ್ರಿ," ಎಂದು ಆಕೆ ಸೆರಗು ಬಿಗಿದುಕೊಂಡು ಎದ್ದಳು. ಹೊರಡುವ ಮುಂಚೆ ಒಳಗೆ ಹೋಗಿ ಮತ್ತೆ ವಿಭೂತಿ, ಮತ್ತೆ ಅಕ್ಕಿ ಒಂದು ಬುಟ್ಟಿಯಲ್ಲಿ ಇಟ್ಟುಕೊಂಡಳು. ಎರಡನೆಯ ಸಲ ಮಣ್ಣು ಕೊಡುವಾಗಲೂ ಬರಿಗೈಯಲ್ಲಿ ಆಗದು.

ಡ್ರೈವರ್ ಸಲಿಕೆಯಿಂದ ಮಣ್ಣು ಸರಿಸಿದ. ತಲೆಯ ಹತ್ತಿರ ಬಂದಾಗ ಸಲಿಕೆ ಬಿಟ್ಟು ಕೈಯಿಂದಲೇ ಸರಿಸಿದ. ಖಣದ ಗಂಟನ್ನು ಯಾರೂ ಮುಟ್ಟಲಿಲ್ಲ. ಅತ್ತೆ ಕುಳಿತು ತಾನೇ ಬಿಚ್ಚಿದಳು. ಹೂಳುವಾಗ ಉಪ್ಪು ಸುರಿದಿದ್ದರಿಂದ ಗಾಯ ಇನ್ನೂ ಕೆಟ್ಟಿಲ್ಲ ಎಂದು ಡಾಕ್ಟರು ಅಂದದ್ದು ಕೇಳಿಸಿತು. ಗಂಟಲ ಎರಡೂ ಬದಿಗೆ ಹಲ್ಲು ಇಳಿದ ತೂತುಗಳಿದ್ದವು, ಒಳಗೆ ಅರಿಶಿಣ ತುಂಬಿತ್ತು. ಒಂದು ಸಲ ನೋಡಿದೆ. ಆಮೇಲೆ ಪಕ್ಕದ ಹೊಲದ ಗೋವಿನಜೋಳ ನೋಡುತ್ತ ನಿಂತೆ.

"ಚಿರತೀನ," ಎಂದರು ಡಾಕ್ಟರು. "ಮುಚ್ಚರಿ."

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬದುವಿನ ಮೇಲೆ ಕುಳಿತು ಗಾರ್ಡ್ ಪಂಚನಾಮೆ ಬರೆದು ಓದಿ ತೋರಿಸಿದ. ಊರು, ಹೊತ್ತು, ಗಾಯ, ಎಲ್ಲ ಸರಿಯಿತ್ತು. ಕೊನೆಗೆ: "ಸದರಿ ಜಾನುವಾರನ್ನು ಮಾಲಕರು ಅಜ್ಞಾನದಿಂದ ಹೂಳಿರುತ್ತಾರೆ."

"ಅಜ್ಞಾನ ಅಲ್ರಿ," ಎಂದಳು ಅತ್ತೆ. "ತಿಳದ ಹೂಳೇನಿ."

"ಅವ್ವಾರ, ಹಂಗ ಬರದ್ರ ನಿಮಗ ಅನುಕೂಲ. ಕಾಯ್ದೆ ಗೊತ್ತಿರಲಿಲ್ಲ ಅಂತ ಅದರ ಅರ್ಥ."

"ನಿಮ್ಮ ಕಾಯ್ದೆ ಗೊತ್ತಿರಲಿಲ್ಲ ಖರೆ. ಗೊತ್ತಿದ್ರೂ ಹೂಳ್ತಿದ್ನಿ. ಅಂಗಳದಾಗ ನೊಣಾ ಮುಕ್ಕರಕೊಂಡು ಬಿದ್ದಿದ್ದನ್ನ ನೋಡ್ಕೋತ ನಿಮ್ಮ ದಾರಿ ಕಾಯಂಗಿಲ್ಲ ನಾ. ಅದನ್ನ ಬರೀರಿ."

"ಅದನ್ನ ಬರದ್ರ ಪರಿಹಾರ ಬರಂಗಿಲ್ರಿ."

ಅತ್ತೆ ಸಹಿ ಮಾಡಲಿಲ್ಲ. ಡ್ರೈವರ್ ನನ್ನ ತೋಳು ಚಿವುಟಿದ. ನಾನು, ಅತ್ತೀ, ಒಂದು ಶಬ್ದಕ್ಕೆ ಯಾಕೆ, ಮಾಡಿಬಿಡು ಎಂದೆ. ಹಾಗೆ ಅನ್ನುವಾಗಲೇ, ಮಾಡದಿದ್ದರೆ ಚಲೋ ಎಂದೂ ಅನಿಸುತ್ತಿತ್ತು. ದನವನ್ನು ಮಣ್ಣಿನಿಂದ ಎಬ್ಬಿಸಲು ಒಪ್ಪಿದವಳು ಈ ಶಬ್ದಕ್ಕೆ ಒಪ್ಪಲಿಲ್ಲ ಯಾಕೆ? ನನಗೆ ಇವತ್ತಿಗೂ ಪೂರ್ತಿ ತಿಳಿದಿಲ್ಲ.

ಗಾರ್ಡ್ ಬಹಳ ಹೊತ್ತು ಪೆನ್ನು ಕಚ್ಚಿ, ಆ ಶಬ್ದ ಹೊಡೆದುಹಾಕಿ, ಅದರ ಮೇಲೆ "ಮನೆತನದ ಪದ್ಧತಿಯಂತೆ" ಎಂದು ಬರೆದ. "ಮ್ಯಾಲಿನವರು ಒಪ್ಪತಾರೋ ಇಲ್ಲೋ, ನಾ ಹೇಳಾಕ ಬರಂಗಿಲ್ರಿ," ಎಂದ. ಅತ್ತೆ ಆ ಸಾಲನ್ನು ಮತ್ತೊಮ್ಮೆ ಓದಿಸಿಕೊಂಡು ಸಹಿ ಮಾಡಿದಳು.

ಮೇಲಿನವರು ಮೊದಲು ಒಪ್ಪಲಿಲ್ಲ. ಕಾಗದ ಮರಳಿ ಬಂತು. ನಾನು ಕಿತ್ತೂರಿನ ಅರಣ್ಯ ಕಚೇರಿಗೆ ಹೋದರೆ ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ಆ ಇನ್ನೊಬ್ಬರು, ಇದರಲ್ಲಿ ತಪ್ಪೇನಿದೆ ಎಂದು ನನ್ನನ್ನೇ ಕೇಳಿದರು. ನನಗೆ ಗೊತ್ತಿದ್ದರೆ ಹೇಳುತ್ತಿದ್ದೆ. ಮಳೆಗಾಲ ಮುಗಿಯುವಾಗ, ಯಾರೂ ಏನೂ ಕೇಳದೆ, ಪರಿಹಾರ ಅತ್ತೆಯ ಖಾತೆಗೆ ಬಂದಿತ್ತು. ಯಾವ ಮಾತಿಗೆ ಕೆಲಸವಾಯಿತೋ ನಾನರಿಯೆ.

ದೊಡವಾಡದ ಕಡೆಯಿಂದ ಒಂದು ಮಣಕ ತಂದರು. ನೋಡಲು ಹೋದಾಗ ಅತ್ತೆ ಅದರ ಮೈ ತಿಕ್ಕುತ್ತಿದ್ದಳು.

"ತಮ್ಮಾ, ನಾಳೆ ಇದಕ್ಕೂ ಹಂಗ ಆತಂದ್ರ? ಮೊದ್ಲ ಫೋನ್ ಮಾಡ್ಲೋ, ಅರಿಷಿಣ ಹಚ್ಚಲೋ?"

"ಮೊದ್ಲ ಫೋನ್ ಮಾಡು ಅತ್ತಿ."

"ಅವರು ಬರೂಮಟ ನೊಣಾ ಹೊಡಕೋತ ಯಾರು ಕುಂಡ್ರೂದು?"

"ನಾ ಬರತೇನಿ."

"ಬೈಲಹೊಂಗಲದಿಂದ?" ಎಂದು ನಕ್ಕು, ಆಕೆ ಛಪ್ಪರಕ್ಕೆ ಹೊಸದಾಗಿ ಹಾಕಿಸಿದ ತಗಡಿನ ಬಾಗಿಲನ್ನು ಎಳೆದು, ಚಿಲಕ ಹಾಕಿ, ಇನ್ನೊಮ್ಮೆ ಅಲುಗಾಡಿಸಿ ನೋಡಿದಳು.