ವಾಜಿದ್ ಸಾಹೇಬರ ಟಿಪ್ಪಣಿಗಳು

ವಾಜಿದ್ ಸಾಹೇಬರು ಬಡ್ಡಿ ಎಂಬ ಪದವನ್ನು ಬಾಯಲ್ಲಿ ಹೇಳುತ್ತಿರಲಿಲ್ಲ. ತೀರಾ ಹೇಳಲೇಬೇಕಾಗಿ ಬಂದರೆ, ಯಾರದೋ ಮನೆಯ ಗುಟ್ಟು ಹೇಳುವವರಂತೆ ದನಿ ತಗ್ಗಿಸಿ "ಅದು" ಎನ್ನುತ್ತಿದ್ದರು. "ಬ್ಯಾಂಕಿನೋರು ಈ ಸಲಾನೂ ಅದನ್ನ ಹಾಕಿದಾರಮ್ಮಾ" ಎಂದು ಪಾಸ್‌ಬುಕ್ಕನ್ನು ಎರಡೇ ಬೆರಳಲ್ಲಿ ಹಿಡಿದು ನನ್ನ ಕಡೆ ತಳ್ಳುತ್ತಿದ್ದರು.

ಆಗಿನ್ನೂ ಎರಡು ಸಾವಿರದ ಮೊದಲ ವರ್ಷಗಳು. ನಾನು ರಾಜಾಜಿನಗರದ ಆಡಿಟರೊಬ್ಬರ ಕೈಕೆಳಗೆ ಸಿಎ ತರಬೇತಿಯಲ್ಲಿದ್ದೆ. ಲಗ್ಗೆರೆಯ ಬಡ್ಡಿರಹಿತ ಪತ್ತಿನ ಸಂಘವೊಂದರ ಲೆಕ್ಕ ನನ್ನ ಪಾಲಿಗೆ ಬಿದ್ದಿತ್ತು. ಸಾಹೇಬರು ಅದರ ಮ್ಯಾನೇಜರು. ಪೀಣ್ಯದ ಕಾರ್ಖಾನೆಯಲ್ಲಿ ಲೆಕ್ಕ ಬರೆದು ನಿವೃತ್ತರಾದ ಮೇಲೆ ಇಲ್ಲಿ ಬಂದು ಕೂತಿದ್ದರು. ಸಂಘ ಯಾರಿಗೂ ಬಡ್ಡಿಗೆ ಹಣ ಕೊಡುತ್ತಿರಲಿಲ್ಲ. ಸದಸ್ಯರಿಗೆ ಹೊಲಿಗೆ ಯಂತ್ರವೋ ಗ್ರೈಂಡರೋ ಬೇಕಾದರೆ ತಾನೇ ಅಂಗಡಿಯಿಂದ ಕೊಂಡು, ಕೊಂಡ ಬೆಲೆ ಇಷ್ಟು, ನಮ್ಮ ಲಾಭ ಇಷ್ಟು ಎಂದು ಮುಖದೆದುರೇ ಹೇಳಿ ಕಂತಿನಲ್ಲಿ ಮಾರುತ್ತಿತ್ತು.

ಸಾಹೇಬರ ಮೇಜಿನ ಮೇಲೆ ಕಂದು ರಟ್ಟು ಹಾಕಿದ ದಪ್ಪ ಪುಸ್ತಕವೊಂದಿತ್ತು. ಇಸ್ಲಾಮಿ ಹಣಕಾಸು ಸಂಸ್ಥೆಗಳು ಲೆಕ್ಕವನ್ನು ಹೇಗೆ ಬರೆಯಬೇಕು, ಜನರಿಗೆ ಏನೇನು ತಿಳಿಸಬೇಕು ಎಂಬ ನಿಯಮಗಳ ಇಂಗ್ಲಿಷ್ ಪುಸ್ತಕ. ಗಲ್ಫಿನಲ್ಲಿದ್ದ ಅಳಿಯ ಜೆರಾಕ್ಸ್ ಮಾಡಿಸಿ ಕಳಿಸಿದ್ದ. ಮಾವನಿಗೆ ಸೆಂಟಿನ ಬಾಟಲಿ ಕಳಿಸಿದ್ದರೆ ನಮಗೆಲ್ಲ ಎಷ್ಟೋ ಸುಖವಿತ್ತು. ಧರ್ಮಕ್ಕೆ ಒಗ್ಗದ ಆದಾಯ ಬಂದರೆ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಬಿಡಿಸಿ ಹೇಳಬೇಕೆಂದು ಆ ಪುಸ್ತಕ ವಿಧಿಸಿತ್ತು. ನಮ್ಮ ಸರ್ಕಾರಿ ನಮೂನೆಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ. ಕಾಲಮ್ಮಿಲ್ಲದ್ದನ್ನೆಲ್ಲ ಸಾಹೇಬರು ಕೊನೆಯಲ್ಲಿ ಟಿಪ್ಪಣಿಯಾಗಿ ಸೇರಿಸುತ್ತಿದ್ದರು. ಒಂದು ವರ್ಷ ಬ್ಯಾಂಕಿನ "ಅದು" ಗಲ್ಲಿಯ ಸಾರ್ವಜನಿಕ ಕಕ್ಕಸಿನ ರಿಪೇರಿಗೆ ಹೋಗಿತ್ತು. ಹೊಸ ಬಾಗಿಲು, ಅದರ ಚಿಲಕ, ಎರಡು ಬಕೆಟ್ಟು, ಬಕೆಟ್ಟಿನ ಬಣ್ಣ ಸಮೇತ ಟಿಪ್ಪಣಿಯಲ್ಲಿ ದಾಖಲಾಯಿತು.

"ಸಾಹೇಬ್ರೇ, ಇದು ಬ್ಯಾಲೆನ್ಸ್ ಶೀಟೋ, ನಿಮ್ಮ ಆತ್ಮಕಥೇನೋ?" ಎಂದು ನಮ್ಮ ಆಡಿಟರ್ ಸಾರ್ ಕೇಳಿದರು.

"ಬಣ್ಣ ಬೇಕಾದ್ರೆ ತೆಗೀರಿ ಸಾರ್. ಚಿಲಕ ಇರ್ಲಿ" ಎಂದರು ಸಾಹೇಬರು.

ಮೂರನೆಯ ವರ್ಷ ಕಡತ ತಿರುವುವಾಗ ಶಕೀಲಾ ಬೀ ಎಂಬ ಸದಸ್ಯೆಯ ಹೊಲಿಗೆ ಯಂತ್ರದ ಕಾಗದ ಸಿಕ್ಕಿತು. ಸಂಘ ಆಕೆಗೆ ಯಂತ್ರ ಮಾರಿದ ಕರಾರಿಗಿಂತ ಅಂಗಡಿಯ ಬಿಲ್ಲು ಎರಡು ದಿನ ತಡ. ಅಂದರೆ ಸಂಘ ಇನ್ನೂ ಕೊಳ್ಳದ ಯಂತ್ರವನ್ನು ಮಾರಿಬಿಟ್ಟಿತ್ತು. ಕರಾರಿಗೆ ಸಹಿ ಹಾಕಿದವರು ಸಾಹೇಬರೇ. ಸದಾ ನನ್ನ ತಪ್ಪು ಹಿಡಿಯುವವರನ್ನು ಹಿಡಿದೆನೆಂಬ ಖುಷಿಯಲ್ಲಿ ನಗುತ್ತಲೇ ತೋರಿಸಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ನೋಡಿದರು. ಆಮೇಲೆ ಕರಾರನ್ನೂ ಬಿಲ್ಲನ್ನೂ ಪಕ್ಕಪಕ್ಕ ಇಟ್ಟು ತಾರೀಖುಗಳ ಮೇಲೆ ಬೆರಳಾಡಿಸಿದರು. ನನ್ನ ನಗು ಎಲ್ಲಿಡಬೇಕೋ ತಿಳಿಯಲಿಲ್ಲ.

"ಕೈಯಲ್ಲಿ ಇಲ್ದೇ ಇರೋದನ್ನ ಮಾರಿ ಲಾಭ ತಗೊಂಡ್ರೆ ಅದು ಲಾಭ ಅಲ್ಲಮ್ಮಾ" ಎಂದರು ಕೊನೆಗೆ. "ಬಡ್ಡಿ."

ಅವರ ಬಾಯಲ್ಲಿ ಆ ಪದ ಕೇಳಿದ್ದು ಅದೊಂದೇ ಸಲ.

ಸಾಹೇಬರು ಇದನ್ನೂ ಟಿಪ್ಪಣಿಗೆ ಸೇರಿಸಲು ಹೊರಟರು. ಎರಡು ದಿನದ ವ್ಯತ್ಯಾಸ, ಬಿಡಿ ಎಂದರು ನಮ್ಮ ಸಾರ್. ಸಂಘದ ಅಧ್ಯಕ್ಷರಂತೂ ಓಡಿ ಬಂದರು. "ಯಾರೂ ಕೇಳಿಲ್ವಲ್ಲ ಸಾಹೇಬ್ರೇ. ಸುಮ್ನೆ ಯಾಕೆ ಬರೀತೀರ?"

"ಕೇಳೋರಿಗೆ ಬಾಯಲ್ಲೇ ಹೇಳಬಹುದು. ಕೇಳದೇ ಇರೋರಿಗೆ ಅಂತಲೇ ಟಿಪ್ಪಣಿ ಇರೋದು."

ಭಾನುವಾರ ಶಾಲೆಯ ಹಾಲಿನಲ್ಲಿ ಸದಸ್ಯರ ಸಭೆ. ಸಾಹೇಬರು ಇಸ್ತ್ರಿ ಮಾಡಿದ ಶರ್ಟು ತೊಟ್ಟು ಬಂದು, ತಮ್ಮ ಮೇಲಿನ ಟಿಪ್ಪಣಿಯನ್ನು ತಾವೇ ನಿಂತು ಓದಿದರು. ವ್ಯವಸ್ಥಾಪಕರ ಅವಸರದಿಂದ ತಪ್ಪಾಗಿದೆ, ಆ ಲಾಭ ಸಂಘದ್ದಲ್ಲ, ಸದಸ್ಯೆಗೆ ವಾಪಸು ಕೊಡಲಾಗಿದೆ. ಶಕೀಲಾ ಬೀ ಎದ್ದು ನಿಂತಳು. "ಅವಸರ ನಂದು. ಹಬ್ಬದ ಬಟ್ಟೆ ಆರ್ಡರ್ ಇತ್ತು, ನಾನೇ ಕಾಟ ಕೊಟ್ಟು ಸೈನ್ ಹಾಕಿಸ್ಕೊಂಡೆ" ಎಂದಳು. ಹಿಂದಿನ ಸಾಲಿನಿಂದ ಒಬ್ಬರು, "ನಿಮ್ಮ ಮುಖ ನೋಡಿ ದುಡ್ಡು ಇಟ್ಟಿದ್ವಿ. ನೀವೇ ಹೀಗಂದ್ರೆ?" ಎಂದರು. ಸಾಹೇಬರು ತಲೆಯಾಡಿಸಿ, "ಅದಕ್ಕೇ ಹೇಳಿದ್ದು" ಎಂದು ಜೇಬಿನಿಂದ ರಾಜೀನಾಮೆ ತೆಗೆದು ಅಧ್ಯಕ್ಷರ ಮುಂದಿಟ್ಟರು. ಬೇಡ ಎಂದವರು ಹಲವರಿದ್ದರು. ಅಧ್ಯಕ್ಷರು ಮಾತ್ರ ಅದನ್ನು ಬೇಗನೆ ಮಡಚಿ ಫೈಲಿಗೆ ಸೇರಿಸಿದರು. ಮುಂದಿನ ವರ್ಷ ಟಿಪ್ಪಣಿ ಅರ್ಧ ಪುಟಕ್ಕೆ ಇಳಿಯಿತು. ನಮ್ಮ ಟೈಪಿಸ್ಟು ಸಂತೋಷಪಟ್ಟಳು. ನನಗೆ ಅದನ್ನು ಓದುವುದೇ ಬೇಜಾರಾಯಿತು.

ಸಿಎ ಪಾಸಾದ ವಾರ ಸ್ವೀಟ್ ಡಬ್ಬಿ ಹಿಡಿದು ಹೊಸಹಳ್ಳಿಯ ಅವರ ಮನೆಗೆ ಹೋದೆ. ಮಂಚದ ಮೇಲೆ ಒರಗಿದ್ದರು, ಉಸಿರಿನ ತೊಂದರೆ. ನನ್ನ ಕೈಗೆ ಹಳೆಯ ಕ್ಯಾಲೆಂಡರೊಂದನ್ನು ಕೊಟ್ಟು, ಹಿಂಬದಿಯಲ್ಲಿ ಸಹಿ ಹಾಕಿ ತೋರಿಸು ಎಂದರು. ಪ್ರಾಕ್ಟೀಸು ಮಾಡಿಟ್ಟಿದ್ದ ಸಹಿಯನ್ನು ಒಂದೇ ಎಳೆತಕ್ಕೆ ಎಳೆದೆ.

"ಚಿಕ್ಕದಾಯ್ತು" ಎಂದರು. "ಉದ್ದ ಮಾಡಮ್ಮಾ. ಬರೆದು ಮುಗಿಸೋಷ್ಟ್ರಲ್ಲಿ ಇನ್ನೊಂದ್ಸಲ ಯೋಚನೆ ಮಾಡೋಕೆ ಟೈಮ್ ಸಿಗುತ್ತೆ."

ಮತ್ತೆ ಹೋಗಬೇಕೆಂದುಕೊಳ್ಳುವಷ್ಟರಲ್ಲಿ ಅವರು ಹೋದ ಸುದ್ದಿ ಬಂತು. ಈಗ ನಾನು ಅಪ್ಪನ ಹೆಸರೂ ಸೇರಿಸಿ, ಒಂದೊಂದೇ ಅಕ್ಷರ ಬಿಡಿಸಿ ಸಹಿ ಹಾಕುತ್ತೇನೆ. ಎದುರು ಕಾಯುತ್ತ ಕೂತ ಕಂಪನಿಯವರು ಗಡಿಯಾರ ನೋಡುತ್ತಾರೆ. ಎರಡು ಸಲ, ಅರ್ಧ ಹೆಸರು ಬರೆದು ಪೆನ್ನು ಕೆಳಗಿಟ್ಟಿದ್ದೇನೆ.