ಮನ್ನೂಬಿಯಾಳ ಬೆನ್ನು ಉಜ್ಜುವವರು ಯಾರು?

ಬೆಳಗಿನ ಐದೂಕಾಲು. ಐನ್ ದಾಫ್ಯಾ ಊರಿನ ಬಿಸಿನೀರ ಕೊಳದ ಬಾಗಿಲಿಗೆ ಮನ್ನೂಬಿಯಾ ಕೆಂಪು ಪಟ್ಟೆಯ ಟವೆಲೊಂದನ್ನು ನೇತುಹಾಕುತ್ತಾರೆ. ಅದು ಅಲ್ಲಿರುವಷ್ಟು ಹೊತ್ತು ಗಂಡಸರು ಇತ್ತ ತಲೆ ಹಾಕುವಂತಿಲ್ಲ. ಒಳಗೆ ಹಬೆ, ಗಂಧಕದ ವಾಸನೆ. ಮೊಣಕೈ ಅದ್ದಿ ನೀರಿನ ಬಿಸಿ ನೋಡುತ್ತಾರೆ. ಆಮೇಲೆ ಕಂಬದ ಮೂಲೆಗೆ ಬೆನ್ನು ಕೊಟ್ಟು, ಎಡ ಹೆಗಲಿನ ಕೆಳಗೆ ಎರಡು ಸಲ ತಿಕ್ಕಿಕೊಳ್ಳುತ್ತಾರೆ.

"ಚಳಿಗಾಲದಿಂದ ಅಲ್ಲೇನೋ ಒರಟೊರಟು. ಕೈ ಎಟುಕಲ್ಲ," ಎನ್ನುತ್ತಾರೆ. "ಅದಿರಲಿ ಮಗಳೇ, ನಿನ್ನ ಮಂಡಿ ಹೇಗಿದೆ?"

ಈ ಮಂಡಿಯ ದೆಸೆಯಿಂದ ನಾನು ಹನ್ನೊಂದು ವರ್ಷಗಳಿಂದ ಇಲ್ಲಿಗೆ ಬರುತ್ತಿದ್ದೇನೆ. ಪತ್ರಿಕೆಯ ನನ್ನ ಅಂಕಣದಲ್ಲಿ ಊರಿನ ಎಲ್ಲರ ಬಗ್ಗೆ ಬರೆದಿದ್ದೇನೆ, ಖರ್ಜೂರದ ವ್ಯಾಪಾರಿಯಿಂದ ಹಿಡಿದು ಗಡಿಯಾರ ರಿಪೇರಿಯವನವರೆಗೆ. ಇಲ್ಲಿ ಮೈ ಉಜ್ಜುವ ಹೆಂಗಸಿಗೆ ಹಾರ್ಜಾ ಎನ್ನುತ್ತಾರೆ; ನನ್ನ ಹಾರ್ಜಾ ಮನ್ನೂಬಿಯಾ ಮಾತ್ರ ನನ್ನ ಕಣ್ಣಿಗೆ ಬೀಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಮ್ಮನೆ ಅಲ್ಲ.

ಆರಕ್ಕೆಲ್ಲ ಹೆಂಗಸರು ತುಂಬಿಕೊಳ್ಳುತ್ತಾರೆ. ಮಂಡಿ ಹಿಡಿದವರು, ತುರಿಕೆಯವರು, ಬಸಿರು ನಿಲ್ಲದವರು, ಮದುವೆಗೆ ಮುಂಚೆ ಮುಖಕ್ಕೆ ಕಳೆ ಬರಲಿ ಎನ್ನುವವರು. ಇವತ್ತು ಒಬ್ಬ ತಾಯಿ ಮದುಮಗಳನ್ನು ಮುಂದೆ ತಳ್ಳುತ್ತಾಳೆ. "ಚಿಕ್ಕಮ್ಮಾ, ಇವಳನ್ನ ಸ್ವಲ್ಪ ಬೆಳ್ಳಗೆ ಮಾಡು."

"ನಾನು ಕೊಳೆ ತೆಗೆಯೋಳು ಕಣೇ, ಸುಣ್ಣ ಬಳಿಯೋಳಲ್ಲ," ಎನ್ನುತ್ತಾರೆ ಮನ್ನೂಬಿಯಾ. ಕೊಳವೆಲ್ಲ ನಗುತ್ತದೆ, ಮದುಮಗಳೂ ನಗುತ್ತಾಳೆ. ಒರಟು ಕೈಗವಸಿನಡಿಯಲ್ಲಿ ಅವಳ ತೋಳಿನಿಂದ ಕೊಳೆ ಶ್ಯಾವಿಗೆಯಂತೆ ಉರುಳಿ ಬೀಳುತ್ತದೆ.

ದಿನಕ್ಕೆ ಇಪ್ಪತ್ತೆರಡು ಬೆನ್ನು. ಗುರುವಾರ ನಲವತ್ತು. ಕೈಗವಸೊಂದು ಇಪ್ಪತ್ತು ದಿನಕ್ಕೆ ಸವೆಯುತ್ತದೆ. ಹೀಗೆ ಮೂವತ್ತನಾಲ್ಕು ವರ್ಷ. ಅಕ್ಕ ಸಾಲ್ಹಾ ಕೂಡ ಇಲ್ಲೇ ಹಾರ್ಜಾ ಆಗಿದ್ದಳು. ಹನ್ನೆರಡಕ್ಕೆ ಹೆಂಗಸರು ಹೊರಡುತ್ತಾರೆ, ಹನ್ನೆರಡೂವರೆಗೆ ಗಂಡಸರ ಸರದಿ. ನಡುವಿನ ಅರ್ಧ ಗಂಟೆಯಲ್ಲಿ ಅಕ್ಕತಂಗಿಯರು ಒಬ್ಬರ ಬೆನ್ನು ಒಬ್ಬರು ಉಜ್ಜಿಕೊಂಡು, ತಬೂನಾ ರೊಟ್ಟಿಯನ್ನು ಆಲಿವ್ ಎಣ್ಣೆಗೆ ಅದ್ದಿ ತಿಂದು ಮನೆಗೆ ಹೋಗುತ್ತಿದ್ದರು. ಐದು ವರ್ಷದ ಹಿಂದೆ ಸಾಲ್ಹಾ ತೀರಿಕೊಂಡಳು. ಅಂದಿನಿಂದ ಆ ಬೆನ್ನನ್ನು ಯಾರೂ ಮುಟ್ಟಿಲ್ಲ.

ಊರಿನ ಬೆನ್ನುಗಳೆಲ್ಲ ಈಕೆಯ ಕೈಗೆ ಬಾಯಿಪಾಠ. ಎಲ್ಲಿ ಮಚ್ಚೆ, ಎಲ್ಲಿ ಗಂಟು, ಯಾವುದು ಹಳೆಯದು, ಯಾವುದು ಹೊಸದು. ಹೊಸದೇನಾದರೂ ಸಿಕ್ಕಿದರೆ ಕಿವಿಯ ಹತ್ತಿರ ಬಗ್ಗಿ ಹೇಳುವುದು ಒಂದೇ ಮಾತು: "ಡಾಕ್ಟರಿಗೆ ತೋರಿಸು. ನಾನಲ್ಲ, ನನ್ನ ಕೈ ಹೇಳ್ತಿದೆ." ಹೆದರಿದವರನ್ನು ತಾವೇ ಬಾಡಿಗೆ ವ್ಯಾನಿನಲ್ಲಿ ಪಟ್ಟಣದ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಈವರೆಗೆ ಒಂಬತ್ತು ಮಂದಿ.

"ಏಳು ಜನ ಈಗಲೂ ಬರ್ತಾರೆ, ಬೆನ್ನು ಕೊಡ್ತಾರೆ," ಎನ್ನುತ್ತಾರೆ. ಉಳಿದ ಇಬ್ಬರ ಬಗ್ಗೆ ನಾನು ಕೇಳುವುದಿಲ್ಲ.

ಹನ್ನೆರಡು ಹೊಡೆಯುತ್ತದೆ. ಕೊಳ ಖಾಲಿಯಾಗುತ್ತದೆ. ಮನ್ನೂಬಿಯಾ ಒಬ್ಬರೇ ನೀರಿಗಿಳಿದು, ಇನ್ನೊಂದು ಟವೆಲಿನ ಎರಡು ತುದಿ ಹಿಡಿದು ಬೆನ್ನಿನ ಮೇಲೆ ಅತ್ತಿತ್ತ ಎಳೆಯುತ್ತಾರೆ. ಇವತ್ತು ನಾನು ಉಳಿದುಕೊಂಡಿದ್ದೇನೆ; ಈ ಅರ್ಧ ಗಂಟೆಯನ್ನು ಹಿಂದೆ ಕಂಡಿರಲಿಲ್ಲ. ನೋಡಲು ಕಷ್ಟವಾಗುತ್ತದೆ.

"ಯಾರಿಗಾದರೂ ತೋರಿಸಬಾರದಾ ಚಿಕ್ಕಮ್ಮಾ?"

"ಯಾರಿಗೆ? ಹಾರ್ಜಾ ಮೈಮೇಲೆ ಏನೋ ಎದ್ದಿದೆಯಂತೆ ಅಂತ ಒಬ್ಬಳ ಬಾಯಿಗೆ ಬಿದ್ದರೆ ಸಾಕು, ನಾಳೆಯಿಂದ ನನ್ನ ಕೈಗೆ ಒಂದು ಬೆನ್ನೂ ಸಿಗಲ್ಲ. ನನಗೆ ಬೇರೇನು ಬರುತ್ತೆ ಹೇಳು."

ನಾನು ಕೈಗವಸಿಗೆ ಕೈ ಚಾಚುತ್ತೇನೆ. ಅವರು ನಗುತ್ತಾರೆ, ಬೈಯುತ್ತಾರೆ, ಮಂಡಿ ನೋಡಿಕೋ ಎನ್ನುತ್ತಾರೆ. ಆಮೇಲೆ ತಿರುಗಿ ಕೂರುತ್ತಾರೆ.

ಎಡ ಹೆಗಲಿನ ಕೆಳಗೆ ಕಡಲೆಕಾಳಿನಷ್ಟು ಕಪ್ಪು ಮಚ್ಚೆ. ಅಂಚು ಸರಿಯಿಲ್ಲ. ಕಿವಿಯ ಹತ್ತಿರ ಬಗ್ಗಿ ಅವರದ್ದೇ ಮಾತು ಹೇಳುತ್ತೇನೆ: "ಡಾಕ್ಟರಿಗೆ ತೋರಿಸಿ. ನಾನಲ್ಲ, ನನ್ನ ಕೈ ಹೇಳ್ತಿದೆ."

ಮನ್ನೂಬಿಯಾ ನನ್ನ ಕೈಯಿಂದ ಕೈಗವಸು ಕಿತ್ತುಕೊಳ್ಳುತ್ತಾರೆ.

"ಪೆನ್ನು ಹಿಡಿಯೋ ಕೈಗೆ ಏನು ಗೊತ್ತು," ಎನ್ನುತ್ತಾರೆ. ಆಮೇಲೆ ಅದನ್ನು ಹಿಂಡುತ್ತ, "ಮಂಗಳವಾರ ಜೊತೆಗೆ ಬರ್ತೀಯಾ?"

ಮಂಗಳವಾರ ಆಸ್ಪತ್ರೆಯಲ್ಲಿ ನರ್ಸ್ ಇವರನ್ನು ನೋಡಿದ್ದೇ ಗುರುತು ಹಿಡಿಯುತ್ತಾಳೆ. ನನ್ನ ಕಡೆ ಒಮ್ಮೆ ಕಣ್ಣು ಹಾಯಿಸಿ ಕೇಳುತ್ತಾಳೆ, "ಈ ಸಲ ಇವರನ್ನ ಕರ್ಕೊಂಡು ಬಂದ್ಯಾ ಚಿಕ್ಕಮ್ಮಾ?"

"ಇಲ್ಲ," ಎನ್ನುತ್ತಾರೆ ಮನ್ನೂಬಿಯಾ, ತಲೆಯ ಬಟ್ಟೆ ಸರಿಪಡಿಸಿಕೊಳ್ಳುತ್ತ. "ಈ ಸಲ ನನ್ನನ್ನೇ."

ಮಚ್ಚೆಯ ಚೂರೊಂದನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದ್ದಾರೆ. ಫಲಿತಾಂಶಕ್ಕೆ ಮೂರು ವಾರ ಕಾಯಬೇಕು. ನೀವು ಇದನ್ನು ಓದುವಾಗ ನಾವಿಬ್ಬರೂ ಕಾಯುತ್ತಿರುತ್ತೇವೆ.

ವಾಪಸು ಬರುವಾಗ ವ್ಯಾನಿನಲ್ಲಿ ಹೇಳಿದೆ: ನಿಮ್ಮ ಬಗ್ಗೆ ಬರೆಯುತ್ತೇನೆ, ಬೆನ್ನಿನ ಸುದ್ದಿ ಎತ್ತುವುದಿಲ್ಲ. ಅವರು ಕಿಟಕಿಯಾಚೆ ಉಪ್ಪಿನ ಬಯಲು ನೋಡುತ್ತ ಕುಳಿತಿದ್ದರು.

"ಒಂಬತ್ತು ಜನಕ್ಕೆ ಮುಚ್ಚಿಡಬೇಡ ಅಂದೋಳು ನಾನು. ಈಗ ನಾನೇ ಮುಚ್ಚಿಟ್ಟರೆ ನಾಳೆ ನನ್ನ ಮಾತು ಯಾರು ಕೇಳ್ತಾರೆ? ಎಲ್ಲ ಬರಿ. ಹೆದರೋರು ಹೆದರಲಿ."

ಊರು ಕಾಣಿಸುವ ಹೊತ್ತಿಗೆ ನನ್ನ ತೋಳು ತಟ್ಟಿದರು.

"ಇನ್ನೊಂದು ಸೇರಿಸು. ದಿನಾ ಹನ್ನೆರಡರಿಂದ ಹನ್ನೆರಡೂವರೆವರೆಗೆ ನಾನೊಬ್ಬಳೇ ಇರ್ತೀನಿ. ಕೈಗವಸು ಬಾಗಿಲ ಹಿಂದಿನ ಮೊಳೆಗೆ ಹಾಕಿರ್ತೀನಿ."