ಬಾಲದ ಬೋಲ್ಟ್

ಆ ಮನೆಯಲ್ಲಿ ಪಿನ್ನಿಲ್ಲದ ವಸ್ತು ಹುಡುಕಿದರೂ ಸಿಗುತ್ತಿರಲಿಲ್ಲ. ಬಾಗಿಲ ಚಿಲಕಕ್ಕೆ ಪಿನ್, ಹೊಲಿಗೆ ಯಂತ್ರದ ಚಕ್ರಕ್ಕೆ ಪಿನ್, ಮಗಳು ಮಲಗಿ ಬೆಳೆದ ತೊಟ್ಟಿಲ ಕೊಂಡಿಗೂ ಪಿನ್. ಎರಡು ಕಾಲಿನ ಸಣ್ಣ ತಂತಿ ಅದು. ಬೋಲ್ಟಿನ ತುದಿಯ ತೂತಿಗೆ ತೂರಿಸಿ, ಆಚೆ ಬಂದ ಕಾಲುಗಳನ್ನು ಬಗ್ಗಿಸಿಬಿಟ್ಟರೆ ಎಷ್ಟು ಅದುರಿದರೂ ನಟ್ ಕಳಚಿಕೊಳ್ಳುವುದಿಲ್ಲ. ಸಂಜೆ ಬಾಗಿಲು ಹಾಕುವಾಗ ಅಪ್ಪ ಒಳಗಿನಿಂದಲೇ ಕೂಗುತ್ತಿದ್ದರು, "ಹಾಕಿದೆಯಾ?"

"ಹಾಕಿದೀನಿ, ಹಾಕಿದೀನಿ," ಅನ್ನುತ್ತಿದ್ದಳು ಅಮ್ಮ. "ಇನ್ನು ನನ್ನ ಜಡೆಗೊಂದು ಹಾಕೋದು ಬಾಕಿ. ಅದನ್ನೂ ಹಾಕಿ ಪುಣ್ಯ ಕಟ್ಕೊಳ್ಳಿ."

ಅಪ್ಪ ವಿಮಾನದ ಮೆಕ್ಯಾನಿಕ್ ಆಗಿದ್ದವರು. ದೇಶದಲ್ಲೇ ನಕ್ಷೆ ಬರೆದು ಕಟ್ಟಿದ ಮೊದಲ ತರಬೇತಿ ವಿಮಾನದಲ್ಲಿ ಬಾಲದ ಜೋಡಣೆ ಅವರ ಕೆಲಸ. ಆ ವಿಮಾನ ಒಂದು ಬೆಳಿಗ್ಗೆ ಏರಿದ್ದೇ ಮೂಗು ತಗ್ಗಿಸಿಕೊಂಡು ಮೈದಾನಕ್ಕೆ ಬಿತ್ತು. ಪೈಲಟ್ ಉಳಿಯಲಿಲ್ಲ. ಬಾಲ ಮಾತ್ರ ಹೆಚ್ಚು ಪೆಟ್ಟಾಗದೆ ಉಳಿಯಿತು. ವಿಚಾರಣೆಯವರು ಅದನ್ನು ನೋಡಿ, ಬಾಲದ ರೆಕ್ಕೆಯನ್ನು ಮೇಲೆ ಕೆಳಗೆ ಆಡಿಸುವ ಸರಳಿನ ನಟ್ ಸಡಿಲವಾಗಿದೆ, ಪಿನ್ ಹಾಕಿಲ್ಲ ಎಂದು ಬರೆದರು.

"ಹಾಕಿದ್ದೆ ಸಾರ್," ಅಂದರು ಅಪ್ಪ.

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, "ಹಾಗಂತ ನೀನು ಹೇಳ್ತೀಯ," ಅಂದ.

ಕೆಲಸ ಹೋಯಿತು. ಅಪ್ಪ ಸೈಕಲ್ಲು, ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾ ಸಂಸಾರ ನಡೆಸಿದರು. ಆ ಮಾತೊಂದು ಮಾತ್ರ ಮನೆಯಲ್ಲಿ ಉಳಿದುಕೊಂಡಿತು. ಅದನ್ನು ನುಂಗಿಕೊಳ್ಳಲು ಅಮ್ಮ ತಮಾಷೆ ಮಾಡಿಕೊಂಡಳು. ಮಗಳು "ಓದಾಯ್ತಮ್ಮ" ಅಂದರೆ "ಹಾಗಂತ ನೀನು ಹೇಳ್ತೀಯ," ಹಾಲಿನವನು "ನೀರು ಬೆರೆಸಿಲ್ಲಕ್ಕ" ಅಂದರೆ "ಹಾಗಂತ ನೀನು ಹೇಳ್ತೀಯ." ಎಲ್ಲರೂ ನಗುತ್ತಿದ್ದರು. ಅಪ್ಪ ಮಾತ್ರ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ಆ ಮಾತು ಅವರ ಬಾಯಿಂದ ಒಮ್ಮೆಯೂ ಬರಲಿಲ್ಲ.

ಬಿದ್ದ ವಿಮಾನವನ್ನು ತೇಪೆ ಹಾಕಿ ರಾಷ್ಟ್ರೀಯ ವಿಮಾನ ಮತ್ತು ಬಾಹ್ಯಾಕಾಶ ಸಂಗ್ರಹಾಲಯದಲ್ಲಿ ಚಾವಣಿಗೆ ತೂಗುಹಾಕಿದರು. ಕೆಳಗೆ ಫಲಕ: 'ದೇಶದ ಮೊದಲ ಸ್ವಂತ ವಿನ್ಯಾಸ. ಮೆಕ್ಯಾನಿಕ್‌ನ ನಿರ್ಲಕ್ಷ್ಯದಿಂದ ಪತನಗೊಂಡಿತು.' ಮಗಳು ಲೋಹದ ಕೆಲಸ ಕಲಿತು ಅದೇ ಸಂಗ್ರಹಾಲಯದ ದುರಸ್ತಿ ಶೆಡ್ಡಿಗೆ ಸೇರಿದಳು. ಯಾಕೆ ಸೇರಿದಳೆಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಉಪಗ್ರಹದ ಮಾದರಿಗಳನ್ನು ಒರೆಸಿದಳು, ರಾಕೆಟ್ಟಿನ ಕವಚದ ತಗ್ಗು ತೆಗೆದಳು. ಆ ವಿಮಾನ ಮಾತ್ರ ತಲೆಯ ಮೇಲೆ ತೂಗುತ್ತಲೇ ಇತ್ತು, ಮುಟ್ಟಲು ಅಪ್ಪಣೆಯಿರಲಿಲ್ಲ.

ಹೊಸ ಸಭಾಂಗಣ ಕಟ್ಟಿದ ಮೇಲೆ ಅದನ್ನು ಇಳಿಸುವ ಕಾಲ ಬಂತು. ಹೊಸ ಜಾಗಕ್ಕೆ ಹೊಸ ಫಲಕ. ಅದನ್ನು ಬರೆಯುವ ಕ್ಯುರೇಟರ್ ಮೇಡಂ ಒಳ್ಳೆಯವರು. ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ತಂದೆ ಹೇಳೋದು ನಿಜ ಇರಬಹುದು," ಅಂದರು. "ಆದರೆ ಫಲಕಕ್ಕೆ ಸಾಕ್ಷಿ ಬೇಕಲ್ಲಮ್ಮ. ತೋರಿಸಿ, ಆ ಸಾಲು ನಾನೇ ತೆಗೀತೀನಿ."

ಸಾಕ್ಷಿ ಎಲ್ಲಿದೆಯೆಂದು ಅಪ್ಪ ಹಾಸಿಗೆಯಲ್ಲೇ ಮಲಗಿ ಹೇಳಿದರು. ಬೆನ್ನುಮೂಳೆ ಸವೆದು ಅವರು ಏಳುವ ಸ್ಥಿತಿಯಲ್ಲಿರಲಿಲ್ಲ. ಮಂಚದ ಪಕ್ಕದ ತಡೆಗಂಬಿಗೆ ತಾವೇ ಹಾಕಿಸಿಕೊಂಡಿದ್ದ ಪಿನ್ನನ್ನು ಹೆಬ್ಬೆರಳಿನಿಂದ ಸವರುತ್ತಾ, "ನೋಡು ಪುಟ್ಟಿ," ಅಂದರು. "ಬಿದ್ದ ಏಟಿಗೆ ಪಿನ್ ತುಂಡಾದ್ರೆ ಎರಡು ತುದಿ ಉದುರಿಹೋಗುತ್ತೆ. ನಡುವಿನ ಚೂರು ಎಲ್ಲಿ ಹೋಗುತ್ತೆ? ತೂತಿನೊಳಗೇ ಕೂತಿರುತ್ತೆ. ಅವತ್ತು ತೂತಲ್ಲಿ ಮಣ್ಣು ಮೆತ್ತಿತ್ತು, ಒಬ್ಬರೂ ಚುಚ್ಚಿ ನೋಡ್ಲಿಲ್ಲ. ಬೋಲ್ಟ್ ಬಿಚ್ಚು, ತೂತು ನೋಡು. ಅಷ್ಟೇ."

ಇಳಿಸಿದ ವಿಮಾನ ಶೆಡ್ಡಿಗೆ ಬಂದಾಗ ಅವಳು ಬಾಲದ ಮುಚ್ಚಳದ ಸ್ಕ್ರೂಗಳನ್ನು ಒಂದೊಂದಾಗಿ ತೆಗೆದು, ಬಟ್ಟೆಯ ಮೇಲೆ ತೆಗೆದ ಕ್ರಮದಲ್ಲೇ ಜೋಡಿಸಿದಳು. ಮುಚ್ಚಳ ಎತ್ತಿ ಟಾರ್ಚ್ ಬಿಟ್ಟಳು.

ಬೋಲ್ಟ್ ಫಳಫಳ ಹೊಳೆಯುತ್ತಿತ್ತು. ತುಕ್ಕಿನ ಚುಕ್ಕೆಯಿಲ್ಲ, ಮಣ್ಣಿನ ಕಲೆಯಿಲ್ಲ. ಅದರ ತಲೆಯ ಮೇಲೆ ಒತ್ತಿದ್ದ ತಯಾರಿಕೆಯ ವರ್ಷ ವಿಮಾನ ಬಿದ್ದ ಆಮೇಲಿನದು. ತೂತಿನಲ್ಲಿ ಹೊಸ ಪಿನ್ ಅಚ್ಚುಕಟ್ಟಾಗಿ ಬಾಗಿ ಕೂತಿತ್ತು.

ಶೆಡ್ಡಿನ ಹಿರಿಯನನ್ನು ಎಲ್ಲರೂ ಪಾಲಿಶ್ ಮಾಮ ಅನ್ನುತ್ತಿದ್ದರು. ಮಂಕಾದದ್ದನ್ನು ಕಂಡರೆ ಅವನಿಗಾಗದು. ಸಂಗ್ರಹಾಲಯಕ್ಕೆ ಬಂದ ಯಾವ ವಿಮಾನವೂ ಅವನ ಕೈ ದಾಟದೆ ಮೇಲೇರಿರಲಿಲ್ಲ.

"ಇದರ ಬೋಲ್ಟ್ ಬದಲಾಯಿಸಿದ್ದು ನೀವಾ ಮಾಮ?"

"ಮತ್ತೆ ಇನ್ಯಾರು? ತುಕ್ಕು ತಿಂದು ಮಣ್ಣುಮುದ್ದೆ ಆಗಿತ್ತಮ್ಮ. ಜನ ನೋಡೋ ಸಾಮಾನು, ಹಾಗೆ ಬಿಡೋದುಂಟೇ? ಬಾಲದ ಬೋಲ್ಟೆಲ್ಲ ಕಿತ್ತು ಹೊಸದು ಹಾಕ್ದೆ."

"ಹಳೇದರ ತೂತಲ್ಲಿ ಏನಾದ್ರೂ ಇತ್ತಾ? ಪಿನ್ನಿನ ಚೂರು?"

"ತೂತನ್ನ ಯಾರಮ್ಮ ನೋಡ್ತಾರೆ? ಗುಜರಿ ಡಬ್ಬಕ್ಕೆ ಎಸೆದೆ, ಗುಜರಿಯವನು ಒಯ್ದ." ಅವನಿಗೆ ಅವಳ ಮುಖದಲ್ಲಿ ಏನು ಕಂಡಿತೋ, ಸಮಾಧಾನ ಹೇಳುವವನಂತೆ ಸೇರಿಸಿದ: "ಹೊಸದಕ್ಕೆ ಪಿನ್ ಹಾಕೇ ಇದೀನಿ, ಗಾಬರಿಯಾಗ್ಬೇಡ. ಹಾರದೇ ಇದ್ರೇನು, ಪಿನ್ನಿಲ್ಲದೆ ಬಿಡೋಕೆ ನಾನೇನು ಆ ಮೆಕ್ಯಾನಿಕ್ಕಾ?"

ಅವಳು ಯಾರ ಮಗಳೆಂದು ಅವನಿಗೆ ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ.

ಬೆಂಚಿನ ಕೆಳಗೆ ಬೇರೆ ವಿಮಾನಗಳ ಹಳೆಯ ಬೋಲ್ಟುಗಳ ಡಬ್ಬವಿತ್ತು. ಅದರಿಂದ ತುಕ್ಕು ಹಿಡಿದದ್ದೊಂದನ್ನು ಆರಿಸಿ ಅಂಗೈಯಲ್ಲಿ ಹಿಡಿದು ನಿಂತಳು. ತೂತಿಗೆ ಪಿನ್ ತೂರಿಸಿ ಎರಡು ಬದಿ ಕತ್ತರಿಸಿದರೆ ಆಯಿತು. ಮೇಡಂ ನಂಬುತ್ತಾರೆ. ಆದರೆ ಅಪ್ಪ ಅದನ್ನು ಕೈಗೆ ಕೊಡು ಅನ್ನುತ್ತಾರೆ, ಹೆಬ್ಬೆರಳಿನಿಂದ ಸವರುತ್ತಾರೆ. ಆ ಹೆಬ್ಬೆರಳಿಗೆ ಸುಳ್ಳು ಹೇಳಲು ಅವಳಿಂದಾಗಲಿಲ್ಲ. ಬೋಲ್ಟನ್ನು ಡಬ್ಬಕ್ಕೆ ಹಾಕಿದಳು.

ಮನೆಗೆ ಬಂದಾಗ ಅಮ್ಮ ಬಾಗಿಲಲ್ಲೇ ಕಾದಿದ್ದಳು. ಮುಖ ನೋಡಿದ್ದೇ ಎಲ್ಲ ತಿಳಿಯಿತು. ತೋಳು ಹಿಡಿದು ಪಿಸುಗುಟ್ಟಿದಳು, "ಇತ್ತು ಅಂತ ಹೇಳ್ಬಿಡೇ. ನಿನ್ನ ಗಂಟೇನು ಹೋಗುತ್ತೆ?"

ಅಪ್ಪ ತಲೆದಿಂಬನ್ನು ಎತ್ತರಿಸಿಕೊಂಡು ಕೂತಿದ್ದರು. ಕೂದಲು ಬಾಚಿಕೊಂಡಿದ್ದರು.

"ತೂತು ನೋಡಿದೆಯಾ?"

"ಬೋಲ್ಟ್ ಹಳೇದಲ್ಲಪ್ಪ. ತೂಗುಹಾಕೋಕೆ ಮುಂಚೇನೇ ಬದಲಾಯಿಸಿದಾರೆ. ಹಳೇದು ಗುಜರಿಗೆ ಹೋಗಿದೆ."

ಅಪ್ಪನ ಹೆಬ್ಬೆರಳು ತಡೆಗಂಬಿಯ ಪಿನ್ನಿನ ಮೇಲೆ ಹೋಯಿತು. ಆಮೇಲೆ, "ಹೊಸದಕ್ಕೆ ಪಿನ್ ಹಾಕಿದಾರಾ?" ಅಂದರು.

"ಹಾಕಿದಾರೆ."

"ಒಳ್ಳೇದು."

ಅಡುಗೆಮನೆಯಲ್ಲಿ ಅಮ್ಮ ಬೇಕೆಂದೇ ಪಾತ್ರೆಗಳ ಸದ್ದು ಮಾಡುತ್ತಿದ್ದಳು. ಆ ಸದ್ದು ನಿಂತ ಮೇಲೆ ಅಪ್ಪ ಹೇಳಿದರು, "ಹಾಕಿದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿತ್ತು ಪುಟ್ಟಿ. ಈಗ ನೆನೆಸ್ಕೊಂಡ್ರೆ ಕೈ ಕಾಣಲ್ಲ, ಪಿನ್ ಕಾಣಲ್ಲ. ಹಾಕಿದ್ದೆ ಸಾರ್ ಅಂದದ್ದು ಮಾತ್ರ ಕೇಳಿಸುತ್ತೆ. ಆ ಪೈಲಟ್ ಹುಡುಗ ಏಣಿ ಹತ್ತೋವಾಗ ನನಗೆ ಕೈ ಬೀಸಿದ್ದ. ಅವನನ್ನ ಕೊಂದವನು ನಾನೋ ಅಲ್ವೋ, ಅದಾದ್ರೂ ಗೊತ್ತಾಗಬೇಕಿತ್ತು."

ಅವಳು ಅವರ ಕೈ ಹಿಡಿದುಕೊಂಡಳು. ಆ ಕೈ ಹಿಡಿಸಿಕೊಂಡಿತು, ಹಿಡಿಯಲಿಲ್ಲ.

ಹೊಸ ಫಲಕ ಬಂತು. ಅಕ್ಷರ ದೊಡ್ಡದಾಗಿತ್ತು, ದೀಪ ಚೆನ್ನಾಗಿ ಬೀಳುತ್ತಿತ್ತು, ಸಾಲು ಅದೇ ಇತ್ತು. ಮೇಡಂ ಬೇರೆ ಯಾರನ್ನಾದರೂ ಕರೆಸುತ್ತೇನೆಂದರೂ ಬೇಡವೆಂದು, ಅವಳೇ ಏಣಿ ಹತ್ತಿ ಅದರ ನಾಲ್ಕು ಮೂಲೆಗೂ ಸ್ಕ್ರೂ ಬಿಗಿದಳು. ಸಡಿಲವಾಗಿ ಬಿಗಿಯುವುದು ಅವಳಿಗೆ ಬರುತ್ತಿರಲಿಲ್ಲ.

ಅಂದು ಸಂಜೆ ಬಾಗಿಲ ಚಿಲಕ ಹಾಕಿ, ಪಿನ್ ತೂರಿಸಿ, ಒಳಗಿನ ಕೂಗಿಗಾಗಿ ಕಾದಳು. ಒಳಗೆ ಸದ್ದಿಲ್ಲ. ಹೋಗಿ ನೋಡಿದರೆ ಮಂಚದ ತಡೆಗಂಬಿಯ ಪಿನ್ ಕೆಳಗೆ ಬಿದ್ದಿತ್ತು. ಅಪ್ಪ ಎಚ್ಚರವಾಗಿಯೇ ಇದ್ದರು, ಯಾರನ್ನೂ ಕರೆದಿರಲಿಲ್ಲ. ಅವಳು ಮಂಡಿಯೂರಿ ಪಿನ್ ಹೆಕ್ಕಿ, ತೂತಿಗೆ ತೂರಿಸಿ, ಅವರು ಕಲಿಸಿದಂತೆಯೇ ಒಂದು ಕಾಲನ್ನು ಮೇಲಕ್ಕೆ, ಇನ್ನೊಂದನ್ನು ಕೆಳಕ್ಕೆ ಬಗ್ಗಿಸಿದಳು.

"ಪಿನ್ ಹಾಕಿದೀನಪ್ಪ," ಅಂದಳು, ಕೇಳದಿದ್ದರೂ.

ಅಪ್ಪ ಗೋಡೆಯ ಕಡೆ ಹೊರಳಿದರು.

"ಹಾಗಂತ ನೀನು ಹೇಳ್ತೀಯ," ಅಂದರು.